ಕಳ್ಳನಿಗೂ ‘ರಿ’

ಸಿಂದಗಿಯಲ್ಲಿ ನನ್ನ ಮನೆಯ ಮೇಲಿನ ಖೋಲಿಗೆ ಬಾಡಿಗೆಗೆ ಬಂದಾಕೆ ಬಸ್ ಕಂಡಕ್ಟರ್. ಇಂಡಿಗೆ ಹೋಗಿ ಬರುವ ಬಸ್ಸಿನಲ್ಲಿ ಡ್ಯೂಟಿ. ಸಂಜೆ ನನ್ನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಆ ದಿನದ ಜಗಳಗಳನ್ನು ಹೇಳುವುದು ಆಕೆಯ ರೂಢಿ. ಜಗಳ ಬೇರೆ ಬೇರೆ ಇರುತ್ತಿದ್ದವು, ಒಂದು ಮಾತು ಮಾತ್ರ ಎಲ್ಲದರಲ್ಲೂ ಬರುತ್ತಿತ್ತು: “ಏಕವಚನದಾಗ ಮಾತಾಡಬ್ಯಾಡ್ರಿ.” ಧೋತರ ಉಟ್ಟ ಗೌಡನಿರಲಿ, ಕಾಲೇಜು ಹುಡುಗನಿರಲಿ, “ಏ, ಇಂಡಿಗೆ ಒಂದು ಕೊಡು” ಅಂದನೋ, ಟಿಕೀಟಿಗಿಂತ ಮೊದಲು ಈ ಮಾತು ಕೈಗೆ ಬೀಳುತ್ತಿತ್ತು.

ಕಾರಣವನ್ನು ಒಮ್ಮೆ ತಾನೇ ಹೇಳಿದ್ದಳು. “ನಮ್ಮಪ್ಪಗ ತಲಿ ಎಲ್ಲಾ ಬೆಳ್ಳಗಾಗಿತ್ರಿ ಅಕ್ಕೋರ. ಆದ್ರೂ ಊರಾಗಿನ ಸಣ್ಣ ಸಣ್ಣ ಹುಡುಗುರು ‘ಬಾರಲೇ’ ಅಂತಿದ್ರು. ಯಾಕ ಅಂತ ನಿಮಗ ಗೊತ್ತೈತಿ.”

ಗೊತ್ತಿತ್ತು. ಆಕೆಯ ಖೋಲಿಯಲ್ಲಿ ಬುದ್ಧನ ಪಟ, ನನ್ನ ಅಡುಗೆಮನೆಯಲ್ಲಿ ವಿಠೋಬನ ಪಟ. ಆಕೆಯ ಅಪ್ಪನನ್ನು ಹಾಗೆ ಕರೆದವರಲ್ಲಿ ನಮ್ಮ ಜಾತಿಯವರೂ ಇದ್ದಿರಬೇಕು.

ನನ್ನ ತೊಂದರೆಯೇ ಬೇರೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು, ಅರ್ಧ ಊರನ್ನು ಏಕವಚನದಲ್ಲೇ ಕರೆದವಳು. ನನ್ನ ಪ್ರೀತಿ ಹೊರಗೆ ಬರುವುದೇ ‘ನೀ’, ‘ಬಾ’, ‘ತಿನ್ನು’ ಎಂದು. ಈಕೆಯ ಮುಂದೆ ಮಾತ್ರ “ಕೂಡ್ರಿ”, “ತೊಗೊಳ್ರಿ” ಎಂದು ಬಾಯಿ ಬಿಗಿ ಹಿಡಿದು ಮಾತಾಡುತ್ತಿದ್ದೆ. ಮುದ್ದೇಬಿಹಾಳಕ್ಕೆ ವರ್ಗವಾಯಿತು ಎಂದು ಆಕೆ ಬಂದು ಹೇಳಿದ ದಿನ ನನಗೆ ವಿನಾಕಾರಣ ಸಿಟ್ಟು ಬಂತು. ಹೋಗುವುದರೊಳಗೆ ಒಮ್ಮೆಯಾದರೂ ಆಕೆಯನ್ನು ‘ನೀ’ ಅನ್ನಬೇಕು ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ಆದರೆ ಆಕೆಗೆ ಅದು ಅಪ್ಪನನ್ನು ಕರೆದವರ ಮಾತಿನಂತೆ ಕೇಳಿಸಿದರೆ? ಇದ್ದ ಗೆಳೆತನವೂ ಕೈಬಿಡುತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಆಕೆಯ ರಜೆಯ ದಿನ ಮಧ್ಯಾಹ್ನ ಇಬ್ಬರೂ ಟೀವಿಯ ಮುಂದೆ ಕೂತಿದ್ದೆವು. ಮರಾಠಿ ಸಿನಿಮಾ ಮುಗಿದದ್ದೇ ಅದರ ಹಿಂದೆ ತಾನಾಗಿಯೇ ಒಂದು ಜಪಾನಿ ಸಿನಿಮಾ ಶುರುವಾಯಿತು. ರಿಮೋಟಿನ ಸೆಲ್ಲು ಸತ್ತಿತ್ತು. ಎದ್ದು ಹೋಗಿ ಬಂದ್ ಮಾಡಲು ಇಬ್ಬರಿಗೂ ಬೇಸರ.

ಕತ್ತಲೆ ಮನೆಯಲ್ಲಿ ಒಬ್ಬ ಮುದುಕ ಕೂತಿದ್ದಾನೆ. ಬಲ್ಬು ಸುಟ್ಟಿದೆ, ಹೆಗಲು ನೋವು, ಕೈ ಮೇಲೆತ್ತಲಾರ. ಆಗ ಕಿಟಕಿಯಿಂದ ಕಳ್ಳನೊಬ್ಬ ಒಳಗಿಳಿಯುತ್ತಾನೆ. ಮುದುಕ ಕೂಗುವುದಿಲ್ಲ, ಹೆದರುವುದಿಲ್ಲ. ಕೆಳಗೆ ಇಂಗ್ಲಿಷ್ ಅಕ್ಷರ ಮೂಡುತ್ತಿದ್ದವು. “ಏನಂತಾನ್ರಿ?” ಎಂದಳು ಕಂಡಕ್ಟರ್. ನಾನು ಓದಿ ಹೇಳಿದೆ: “ಚೊಲೋ ಆತು ಬಂದಿ. ಹೊಸ ಬಲ್ಬು ಕಪಾಟಿನ ಮ್ಯಾಲ ಐತಿ, ಹಾಕು.”

“ಬಂದಿ ಅಂದ್ನೇನ್ರಿ? ಮೊದಲ್ನೇ ಸಲ ನೋಡಾಕತ್ತಾನ, ಆಗಲೇ ಏಕವಚನ?”

“ಕಳ್ಳ ಅದಾನ್ರಿ ಅಂವ.”

“ಕಳ್ಳ ಆದ್ರ ಏನಾತ್ರಿ?”

ಇಂಗ್ಲಿಷಿಗೆ ಈ ತಲೆನೋವಿಲ್ಲ. ದೇವರಿಗೂ ‘ಯು’, ನಾಯಿಗೂ ‘ಯು’. ಜಪಾನಿ ಮುದುಕ ನಿಜವಾಗಿ ಏನಂದನೋ ಆ ದೇವರಿಗೇ ಗೊತ್ತು. ನಾನು ತಿದ್ದಿದೆ: “ಬರ್ರಿ ಕಳ್ಳರ. ಬಲ್ಬು ಹಾಕಿ ಆಮ್ಯಾಲ ಕಳವು ಮಾಡ್ರಿ.” ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅಲ್ಲಿಂದ ಮುಂದೆ ಇಡೀ ಸಿನಿಮಾವನ್ನು ‘ರಿ’ ಹಚ್ಚಿಯೇ ಹೇಳಿದೆ.

ಬಲ್ಬು ಹತ್ತಿದ ಮೇಲೆ ನೋಡಿದರೆ ಮನೆಯಲ್ಲಿ ಕದಿಯುವಂಥದ್ದು ಏನೂ ಇಲ್ಲ. ಮುದುಕ ಅವನಿಗೆ ಅನ್ನ ಹಾಕುತ್ತಾನೆ. ಕಳ್ಳ ಮತ್ತೊಂದು ದಿನ ನಲ್ಲಿ ರಿಪೇರಿಗೆ ಬರುತ್ತಾನೆ, ಅಭ್ಯಾಸ ಬಿಡದೆ ಕಿಟಕಿಯಿಂದಲೇ. ಇಬ್ಬರೂ ಒಬ್ಬರ ಕಾಲಿಗೊಬ್ಬರು ಕಾಲು ಕಟ್ಟಿಕೊಂಡು ಓಣಿಯ ಓಟದ ಪಂದ್ಯಕ್ಕೆ ಇಳಿಯುತ್ತಾರೆ, ಹೊರಟಲ್ಲೇ ಬೀಳುತ್ತಾರೆ. ಸಿನಿಮಾದಲ್ಲಿ ಯಾರೊಬ್ಬರೂ ನಗುವುದಿಲ್ಲ, ತಹಶೀಲ್ದಾರ್ ಕಚೇರಿಯಲ್ಲಿ ಪಾಳಿ ಹಚ್ಚಿ ನಿಂತವರ ಮುಖ. ನಾವಿಬ್ಬರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೊನೆಗೆ ಪೊಲೀಸರು ಕಳ್ಳನನ್ನು ಹಿಡಿದು ಜೀಪಿನಲ್ಲಿ ಕೂಡಿಸುತ್ತಾರೆ. ಮುದುಕ ಜೀಪಿನ ಕಿಟಕಿಯ ಹತ್ತಿರ ಬಂದು ಒಂದೇ ಮಾತು ಕೇಳುತ್ತಾನೆ. ನನಗರಿವಿಲ್ಲದೆ ಬಾಯಿಂದ ಬಂತು: “ಉಂಡಿ ಏನು?”

‘ರಿ’ ಜಾರಿಹೋಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಆಕೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ಈಗ ಬರೋಬ್ಬರಿ ಅಂದಾ ನೋಡ್ರಿ,” ಎಂದಳು.

ಮುದುಕನಿಗೆ ಪರವಾನಗಿ ಸಿಕ್ಕಿತು. ನನಗೂ ಸಿಕ್ಕಿತೋ ಇಲ್ಲವೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಆಕೆ ಹೋಗುವ ದಿನ ಬಂತು. ಸಾಮಾನೆಲ್ಲ ಟಂಟಂ ಗಾಡಿಯಲ್ಲಿ ಹೇರಿಯಾಗಿತ್ತು, ಆಕೆ ಡ್ರೈವರನ ಪಕ್ಕದಲ್ಲಿ ಕೂತಿದ್ದಳು. ನಾನು ಧಪಾಟಿ ರೊಟ್ಟಿಯ ಡಬ್ಬಿ ಕೈಗೆ ಕೊಟ್ಟೆ. ಹೇಳಬೇಕೆಂದು ಹೊಂದಿಸಿಟ್ಟುಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ.

“ಹಾದ್ಯಾಗ ತಿನ್ನು,” ಎಂದೆ.

ಆಕೆ ಡಬ್ಬಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು. ಬಸ್ಸಿನಲ್ಲಿ ಜಗಳ ತೆಗೆಯುವ ಮೊದಲು ಹೀಗೇ ನೋಡುತ್ತಿದ್ದಳೋ ಏನೋ.

“ಇಷ್ಟು ಅನ್ನಾಕ ಎಷ್ಟು ತಡಾ ಮಾಡಿದಿ ಅಕ್ಕಾ,” ಎಂದಳು. “ಮುದ್ದೇಬಿಹಾಳಕ್ಕ ನೀನೂ ಬಾ.”

ನಾನು ದಂಗಾದೆ. ನಮ್ಮವ್ವ ಹೋದ ಮೇಲೆ ನನ್ನನ್ನು ಯಾರೂ ‘ನೀ’ ಅಂದಿರಲಿಲ್ಲ. ನಾನು ಆಕೆಯನ್ನು ಅನ್ನುವುದರ ಬಗ್ಗೆಯಷ್ಟೇ ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಆಕೆಯೂ ನನ್ನನ್ನು ಅನ್ನಬಹುದು ಎಂಬುದು ಹೊಳೆದೇ ಇರಲಿಲ್ಲ. ಇಷ್ಟು ಸಣ್ಣಾಕೆ ನನಗೆ ಹೀಗೆ ಅನ್ನುವುದೇ ಎಂದು ಒಳಗಿನ ಟೀಚರಿಗೆ ಒಂದು ಕ್ಷಣ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಟಂಟಂ ಓಣಿಯ ತಿರುವು ದಾಟುವುದರೊಳಗೆ ಅದು ಇಳಿದು, ಕಣ್ಣು ತುಂಬಿ ದಾರಿ ಕಾಣದಾಯಿತು.

ಇನ್ನೊಮ್ಮೆ ‘ನೀ’ ಅನ್ನಿಸಿಕೊಳ್ಳಲು ಆ ವಾರವೇ ಮುದ್ದೇಬಿಹಾಳದ ಬಸ್ಸು ಹತ್ತಿದೆ.