ಹದಿನೇಳರ ಜಾಗ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಜರೀನಾ ಮಿಸ್ ಉಡುತ್ತಿದ್ದ ಸೀರೆಗಳೆಲ್ಲ ನನ್ನ ನೆನಪಿನಲ್ಲಿ ಒಂದೇ ನೀಲಿಯವು. ವರ್ಷಗಟ್ಟಲೆ ಯಾರೂ ಒಂದೇ ಬಣ್ಣ ಉಟ್ಟಿರಲಾರರು. ಆದರೆ ಅವರು ನಮ್ಮನ್ನು ಹೆಸರಿನ ಬದಲು ಸಂಖ್ಯೆ ಹಿಡಿದು ಕರೆಯುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ಎರಡು. ನನ್ನ ಗೆಳತಿ ಲಕ್ಷ್ಮೀದೇವಿ ಎಂಟು. ಸಿರಾ ಬಸ್ಸಿನ ಕಂಡಕ್ಟರು ಅವರ ಹಳೆಯ ಶಿಷ್ಯ, ದಪ್ಪ ಮೀಸೆಯವನು, ಇಬ್ಬರು ಮಕ್ಕಳ ತಂದೆ. ಮಿಸ್ ಬಸ್ಸು ಹತ್ತುತ್ತಲೇ, "ಏನೋ ಇಪ್ಪತ್ತೊಂದು, ಇವತ್ತೂ ಲೇಟಾ?" ಎನ್ನುತ್ತಿದ್ದರು. ಅವನು ನಾಚಿಕೊಂಡು ಯಾರನ್ನಾದರೂ ಎಬ್ಬಿಸಿ ಅವರಿಗೆ ಸೀಟು ಕೊಡಿಸುತ್ತಿದ್ದ.

ಈ ಸಂಖ್ಯೆಗಳು ಹುಟ್ಟುತ್ತಿದ್ದದ್ದು ಶಾಲೆಯ ಅಂಗಳದಲ್ಲಿ. ಬಡವನಹಳ್ಳಿ ಹತ್ತಿರದ ನಮ್ಮೂರಿಗೆ ಮಿಸ್ ದಿನಾ ಸಿರಾದಿಂದ ಬರುತ್ತಿದ್ದರು. ಪ್ರತಿ ವರ್ಷ ನಾಲ್ಕನೇ ಕ್ಲಾಸಿಗೆ ಗಡಿಯಾರದ ಪಾಠ ಬಂದಾಗ ಸುಣ್ಣದ ಪುಡಿಯಿಂದ ದೊಡ್ಡ ವೃತ್ತ ಎಳೆದು, ಒಂದರಿಂದ ಹನ್ನೆರಡರ ಜಾಗದಲ್ಲಿ ಹನ್ನೆರಡು ಮಕ್ಕಳನ್ನು ಕೂರಿಸುತ್ತಿದ್ದರು. ಅವರ ಬೆನ್ನ ಹಿಂದೆ ಇನ್ನೊಂದು ಸುತ್ತು. ಒಂದರ ಹಿಂದೆ ಹದಿಮೂರು, ಎರಡರ ಹಿಂದೆ ಹದಿನಾಲ್ಕು, ಹೀಗೆ. ನಮ್ಮ ಕ್ಲಾಸಿನಲ್ಲಿ ಇದ್ದದ್ದು ಇಪ್ಪತ್ಮೂರೇ ಮಕ್ಕಳು. ಉಳಿದ ಇಪ್ಪತ್ತನಾಲ್ಕರ ಜಾಗದಲ್ಲಿ ಮಿಸ್ ಸೆರಗು ಸಿಕ್ಕಿಸಿಕೊಂಡು ತಾವೇ ಕೂತುಬಿಟ್ಟರು. ಇಪ್ಪತ್ತನಾಲ್ಕು ಅಂದರೆ ಸೊನ್ನೆಯೂ ಹೌದು ಎಂದು ಅವರು ಹೇಳಿಕೊಟ್ಟ ದಿನ ಯಾರೋ ಮೆಲ್ಲಗೆ "ಜೀರೋ ಮಿಸ್ಸು" ಅಂದರು. ಮಿಸ್ಸಿಗೆ ಕೇಳಿಸಿತು. "ಹೂಂ ಕಣ್ರೋ, ನಾನಿಲ್ದೆ ನಿಮ್ ದಿನ ಶುರುವಾಗಲ್ಲ," ಎಂದು ಪಾಠ ಮುಂದುವರಿಸಿದರು.

ಅವರು "ಹದಿನಾಲ್ಕು ಮೂವತ್ತು" ಎಂದು ಕೂಗಿದರೆ ಹದಿನಾಲ್ಕರ ಹುಡುಗ ಎದ್ದು ಮುಂದೆ ಕೂತ ನನ್ನ ತಲೆ ಮುಟ್ಟಬೇಕು. ನಾನು "ಮಧ್ಯಾಹ್ನ ಎರಡೂವರೆ" ಎನ್ನಬೇಕು. ರಾತ್ರಿ ಒಂಬತ್ತು ಮೊದಲೋ, ಇಪ್ಪತ್ತು ಮೂವತ್ತು ಮೊದಲೋ ಎಂದು ವಾದ ಹತ್ತಿದರೆ, "ಮೊದ್ಲು ಇಬ್ರೂ ಒಂದೇ ಸುತ್ತಿಗೆ ಬನ್ನಿ, ಆಮೇಲೆ ಜಗಳ ಆಡಿ" ಎನ್ನುತ್ತಿದ್ದರು. ಒಂಬತ್ತರವಳು ಹಿಂದೆ ಸರಿದು ಇಪ್ಪತ್ತೊಂದರ ಪಕ್ಕ ನಿಂತರೆ ಸಾಕು, ಉತ್ತರ ಕಣ್ಣಿಗೇ ಕಾಣುತ್ತಿತ್ತು. ಲೆಕ್ಕ ಮುಗಿದ ಮೇಲೆ ಹೊಟ್ಟೆಯನ್ನೂ ಒಂದು ಮಾತು ಕೇಳಬೇಕು ಎಂಬುದು ಅವರ ನಿಯಮ: ಹದಿಮೂರು ಗಂಟೆಗೆ ಬಿಸಿಯೂಟದ ಹಸಿವಿದ್ದರೆ ಉತ್ತರ ಸರಿ. "ಗಡಿಯಾರಕ್ಕೆ ಮರೆವು ಬೇಟಾ, ಹನ್ನೆರಡಾದ್ರೆ ಮತ್ತೆ ಒಂದರಿಂದ ಎಣಿಸ್ತದೆ. ನೀವು ಮರೀಬೇಡಿ." ಈ ಮಾತನ್ನು ಅವರು ವರ್ಷಕ್ಕೆ ನೂರು ಸಲವಾದರೂ ಹೇಳಿರಬೇಕು.

ಇಷ್ಟು ಚೆನ್ನಾಗಿ ಕಲಿಸಿದವರ ಶಿಷ್ಯೆಯಾದ ನಾನು ಒಂದು ರೈಲು ತಪ್ಪಿಸಿದೆ.

ನನ್ನ ಅಪ್ಪನ ತಂಗಿ ಜಯತ್ತೆಯನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಗೌರಿಹಬ್ಬಕ್ಕೆ ಬಂದವಳು ಎರಡು ತಿಂಗಳಾದರೂ ಹೊರಡಲಿಲ್ಲ. ಯಾಕೆಂದು ಅವಳು ಹೇಳಲಿಲ್ಲ, ಮನೆಯವರು ಕೇಳಲೂ ಇಲ್ಲ. ಹೆಣ್ಣುಮಗಳು ಗಂಡನ ಮನೆಯಲ್ಲಿದ್ದರೇ ಚೆಂದ ಎಂದುಕೊಂಡು ತಾತ ಮಧುಗಿರಿಗೆ ಹೋಗಿ, ತುಮಕೂರಿನಿಂದ ಹೊರಡುವ ರೈಲಿಗೆ ಟಿಕೆಟ್ ಮಾಡಿಸಿಕೊಂಡು ಬಂದ. ಆ ಹೊತ್ತಿಗೆ ಮಿಸ್ ಗಡಿಯಾರದ ಪಾಠ ಶುರುಮಾಡಿದ್ದರು. ಹನ್ನೆರಡರ ಮೇಲಿನ ಸಂಖ್ಯೆ ಬಂದರೆ ಮಧ್ಯಾಹ್ನ ಕಳೆದಿದೆ ಅಂತ, ಮಿಕ್ಕಿದ್ದು ಮುಂದಿನ ವಾರ ಎಂದು ಹೇಳಿ ಐದು ಗಂಟೆಯ ಬಸ್ಸಿಗೆ ಓಡಿದ್ದರು. ಸುಣ್ಣದ ವೃತ್ತ ಇನ್ನೂ ಬರೆದಿರಲಿಲ್ಲ ಎಂದು ನನ್ನ ನೆನಪು. ಬರೆದಾಗಿತ್ತು ಎಂದಾದರೆ ನನ್ನ ತಪ್ಪಿಗೆ ನೆಪವೇ ಉಳಿಯುವುದಿಲ್ಲ. ಆದ್ದರಿಂದ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ತಾತ ಜಗಲಿಯ ಮೇಲೆ ಟಿಕೆಟ್ಟಿನ ಹಾಳೆ ಬಿಡಿಸಿ, "ಎಷ್ಟೊತ್ತಿಗೆ ಅಂತ ಐತೆ ನೋಡವ್ವ," ಅಂದ.

ಹದಿನೇಳು ಹತ್ತು ಎಂದು ನಾನು ಜೋರಾಗಿಯೇ ಓದಿದೆ. ಹಿಂದಿನ ರಾತ್ರಿ ನಾನೇ ಒಂದು ಉಪಾಯ ಕಂಡುಕೊಂಡಿದ್ದೆ: ಮುಂದಿರುವ ಒಂದನ್ನು ಮುಚ್ಚಿಬಿಡುವುದು. ಒಂದರ ಮೇಲೆ ಹೆಬ್ಬೆರಳಿಟ್ಟು, "ಅಂದ್ರೆ ಸಾಯಂಕಾಲ ಏಳು ಹತ್ತು ತಾತ," ಎಂದೆ. ಜಯತ್ತೆ ಪಕ್ಕದಲ್ಲೇ ಕಡಲೆಕಾಯಿ ಬಿಡಿಸುತ್ತಿದ್ದಳು.

ಮರುದಿನ ಅವರು ತುಮಕೂರಿನ ಸ್ಟೇಷನ್ ಮುಟ್ಟುವಾಗ ಆರಾಗಿತ್ತಂತೆ. ರೈಲು ಐದು ಹತ್ತಕ್ಕೇ ಹೋಗಿತ್ತು. ಅದರ ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಜಯತ್ತೆ ಒಲೆಯ ಮುಂದೆ ಕೂತು ಮುದ್ದೆಗೆ ಎಸರಿಟ್ಟಿದ್ದಳು. ಮುಂದಿನ ತಿಂಗಳು ನೋಡೋಣ ಎಂದಳು. ಮುಂದಿನ ತಿಂಗಳು ಹೊಲಿಗೆ ಕಲಿಯಲು ಸೇರಿದಳು. ಹುಬ್ಬಳ್ಳಿಗೆ ಮತ್ತೆ ಹೋಗಲೇ ಇಲ್ಲ. ಅಜ್ಜಿ ಮಾತ್ರ ಆ ರೈಲನ್ನು ಮರೆಯಲಿಲ್ಲ. ನಾನು ಎಂ.ಎ. ಮುಗಿಸಿ ಬಂದಾಗಲೂ, "ನೀನು ಎಷ್ಟು ಓದಿದ್ರೇನು, ನಿನ್ ಲೆಕ್ಕ ಅವಳ ಸಂಸಾರ ತಿಂದ್ಕಂಡ್ತು ಕಣೇ," ಎಂದಳು. ನಕ್ಕುಕೊಂಡೇ ಹೇಳಿದಳು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಇವತ್ತಿಗೂ ಯಾವ ಟಿಕೆಟ್ಟನ್ನೂ ಮೂರು ಸಲ ಓದದೆ ನಾನು ಮನೆ ಬಿಡುವುದಿಲ್ಲ.

ರೈಲು ತಪ್ಪಿದ ಮೇಲೆ ನಾನು ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಮಿಸ್ ಮನೆಗೇ ಬಂದರು. ಅವತ್ತು ಅವರಿಗೆ ಐದರ ಬಸ್ಸು ತಪ್ಪಿತು. ಬಾಗಿಲಲ್ಲೇ ನಿಂತು, ತಪ್ಪು ಮಗುವಿನದಲ್ಲ, ಅರ್ಧ ಪಾಠ ಮಾಡಿ ಬಸ್ಸಿಗೆ ಓಡಿದ್ದು ತಾನು ಎಂದು ತಾತನಿಗೆ ಹೇಳಿದರು. "ಮಗೀನ ಮಾತ್ ನಂಬ್ಕಂಡು ಹೋದ ನಾನೇ ಪೆದ್ದ, ಬುಡಿ ಮೇಡಮ್ಮು," ಅಂದ ತಾತ. ಜಯತ್ತೆ ಟೀ ತಂದುಕೊಟ್ಟಳು. ಮಿಸ್ ಲೋಟ ತೆಗೆದುಕೊಂಡು ಅವಳ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಇದು ಆಮೇಲೆ ನಾನು ಸೇರಿಸಿಕೊಂಡದ್ದೂ ಇರಬಹುದು. ಮಾರನೆಯ ದಿನ ವೃತ್ತ ಬರೆದು, ನನ್ನನ್ನು ಎರಡರ ಜಾಗದಲ್ಲಿ ಕೂರಿಸಿದರು. ಮುಂದಿನ ಒಂದನ್ನು ಮುಚ್ಚುವ ನನ್ನ ಉಪಾಯವನ್ನು ಎಲ್ಲರೆದುರು ಪರೀಕ್ಷೆಗೆ ಹಚ್ಚಿ, ಹದಿನಾಲ್ಕರ ಹುಡುಗನನ್ನು ನಾಲ್ಕರ ಹಿಂದೆ ಕಳಿಸಿದರು. ಅಲ್ಲಿ ಆಗಲೇ ಹದಿನಾರರವಳು ಕೂತಿದ್ದಳು. ಅವಳು ಅವನನ್ನು ನೂಕಿದಳು. ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಎಲ್ಲರ ಜೊತೆ ನಾನೂ ನಕ್ಕೆ.

ಕೊನೆಯ ಸಲ ಅವರನ್ನು ನೋಡಿದ್ದು ಹೋದ ವರ್ಷ, ಸಿರಾದ ಅವರ ಮನೆಯಲ್ಲಿ. ಆ ದಿನದ ಮಾತನ್ನು ಸಂಜೆಯೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿ ನೆನಪಿನ ಹಂಗಿಲ್ಲ. ಕಣ್ಣು ಮಂಜಾಗಿತ್ತು, ಆದರೂ ದನಿ ಕೇಳಿಯೇ, "ಎರಡಾ? ಬಾ ಬೇಟಿ," ಎಂದರು. ಶ್ಯಾವಿಗೆ ಪಾಯಸ ತರಿಸಿದರು. ಆಮೇಲೆ ಕೇಳಿದರು:

"ಹದಿನೇಳು ಹೆಂಗವ್ಳೆ?"

ಯಾರೆಂದು ನನಗೆ ಹೊಳೆಯಲಿಲ್ಲ.

"ನಿಮ್ ಅತ್ತೆ ಜಯಮ್ಮ. ಆ ಜಾಗಕ್ಕೇ ಜಗಳ ಆಡಿ ಕೂರ್ತಿದ್ಲು. ಹದಿನೇಳು ನಮ್ ಮಿಸ್ಸಿನ ಬಸ್ಸಿನ ಹೊತ್ತು, ಬೇರೆಯೋರಿಗೆ ಕೊಡಲ್ಲ ಅಂತ."

ಪಾಯಸದ ಬಟ್ಟಲನ್ನು ಕೆಳಗಿಟ್ಟೆ. ಹಾಗಾದರೆ ಅವತ್ತು ಜಗಲಿಯ ಮೇಲೆ, ಎಂದು ನಾನು ಶುರುಮಾಡುವಷ್ಟರಲ್ಲಿ ಮಿಸ್ ಕೈ ಎತ್ತಿ ತಡೆದರು. ಕ್ಲಾಸಿನಲ್ಲಿ ಗಲಾಟೆ ನಿಲ್ಲಿಸಲು ಎತ್ತುತ್ತಿದ್ದ ಕೈ ಅದೇ.

"ಅದನ್ನ ನಾನು ಹೇಳ್ಬಾರ್ದು ಬೇಟಿ. ಅವಳನ್ನೇ ಕೇಳು."

ಎರಡು ತಿಂಗಳಿಗೆ ಮಿಸ್ ತೀರಿಕೊಂಡರು. ಮಣ್ಣಿಗೆ ಹೋಗಲು ಬಸ್ಸು ಹತ್ತಿದಾಗ ಅದೇ ಇಪ್ಪತ್ತೊಂದರ ಕಂಡಕ್ಟರು ಟಿಕೆಟ್ ಹರಿಯುತ್ತ ಹರಿಯುತ್ತ ನಿಂತುಬಿಟ್ಟ. ನೀವೆಷ್ಟು ಎಂದು ಕೇಳಿದ. ಎರಡು ಎಂದೆ.

ಜಯತ್ತೆ ಈಗ ನಮ್ಮೂರಿನ ಅಂಗನವಾಡಿ ಟೀಚರು. ಸಿರಾದಿಂದ ಹಿಂದಿರುಗುವಾಗ ಅವಳಲ್ಲಿಗೆ ಹೋದೆ. ಅವಳು ಮಕ್ಕಳ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ನಾನು ಕೇಳಿದ್ದಕ್ಕೆ ತಲೆ ಎತ್ತದೆ ತಟ್ಟೆ ಎಣಿಸಿದಳು, ಮತ್ತೆ ಮೊದಲಿಂದ ಎಣಿಸಿದಳು, ಊಟ ಮಾಡಿಕೊಂಡು ಹೋಗು ಎಂದಳು. ಆಮೇಲೆ ಎಷ್ಟೋ ಸಲ ಅವಳ ಮನೆಗೆ ಹೋಗಿಬಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನಾನು ಏಳು ಅಂದಾಗ, ಅದು ಐದು ಅಂತ ನಿಂಗೆ ಗೊತ್ತಿತ್ತಾ?"