ಸಾಲಿನೊಳಗಿನ ಸಂದು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ಸ್ನಾನ ಮಾಡಿ, ಕೊರಳೊಳಗಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದೆ. ಸ್ಕೂಟರು ಒರೆಸಿದೆ. ಆಮೇಲೆ ದಸ್ತಗೀರನ ಬಿಳಿ ಜುಬ್ಬಾ ಇಸ್ತ್ರಿಗೆ ಹಾಸಿದೆ ನೋಡ್ರಿ, ಬಿಸಿ ತಾಗಿದ್ದೇ ತಡ ಹಳೇ ಅತ್ತರಿನ ವಾಸನೆ ಭಗ್ಗನೆ ಎದ್ದಿತು. ವರ್ಷಗಟ್ಟಲೆ ಟ್ರಂಕಿನಲ್ಲೇ ಇದ್ದ ಜುಬ್ಬಾ. ಇವತ್ತು ರಂಜಾನ್ ಹಬ್ಬ, ಅವನು ಈದ್ಗಾಕ್ಕೆ ಹೊರಟಿದ್ದ. ನಾನು ಒಂದೇ ತೋಳಿಗೆ ಮೂರು ಸಲ ಇಸ್ತ್ರಿ ಉಜ್ಜಿದೆ.

ಅದರಲ್ಲೇನು ದೊಡ್ಡದು ಅಂತೀರಿ? ಹೇಳುತ್ತೇನೆ. ನಾವಿಬ್ಬರು ಗಂಡಸರು ರಾಣೆಬೆನ್ನೂರಿನ ಈ ಸಣ್ಣ ಮನೆಯಲ್ಲಿ ಸಂಸಾರ ಹೂಡಿ ತಲೆ ಬೆಳ್ಳಗಾದವು. ಗಂಡಹೆಂಡಿರ ಹಾಗೆಯೇ, ಜಗಳದಲ್ಲಿ ಅವರಿಗಿಂತ ಒಂದು ಕೈ ಮೇಲು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಾನು ಒಂದೇ ಸಮ ಸೀನುತ್ತ ನಿಂತಾಗ ಕರವಸ್ತ್ರ ಕೊಟ್ಟವನು ಅವನು. ವ್ಯಾಪಾರಕ್ಕೆ ಬಂದವರು ಮೂಗು ಮನೆಯಲ್ಲಿಟ್ಟು ಬರಬೇಕೆಂದು ಹಾಸ್ಯ ಮಾಡಿದ. ಆ ಕರವಸ್ತ್ರ ನಾನಿನ್ನೂ ತಿರುಗಿಸಿ ಕೊಟ್ಟಿಲ್ಲ.

ನಮ್ಮಂಥವರಿಗೆ ದೇವರು ಒಂದೊಂದು ಥರ ಸಿಗುತ್ತಾನೆ. ಹಾವೇರಿಯ ಗೆಳೆಯ ಸ್ಯಾಮ್ಯುಯೆಲ್ ಹೆಣ್ಣನ್ನೂ ಪ್ರೀತಿಸಿದವ, ಗಂಡನ್ನೂ ಪ್ರೀತಿಸಿದವ, ಚರ್ಚು ತಪ್ಪಿಸಿದವನಲ್ಲ. ಅಲ್ಲಿ ಎಲ್ಲರೂ ಪಾಪಿಗಳೆಂದು ಮೊದಲೇ ಒಪ್ಪಿಕೊಂಡು ಕುಂತಿರುವುದರಿಂದ ತನಗೆ ಭಾಳ ಅನುಕೂಲ ಅನ್ನುತ್ತಾನೆ. ನನ್ನದಂತೂ ಸಲೀಸು. ಅವ್ವ ಹೇಳುತ್ತಿದ್ದಳು, "ಅಂಗೈಯಾಗ ಇರೋ ದೇವರಿಗೆ ಊರ ಮಂದೀನ್ನ ಯಾಕ ಕೇಳ್ತಿ?" ಆಕೆ ಯಾವುದಕ್ಕೆ ಹೇಳಿದಳೋ, ನಾನು ಎಲ್ಲದಕ್ಕೂ ಹಚ್ಚಿಕೊಂಡೆ.

ಆದರೆ ದಸ್ತಗೀರನ ಹಬ್ಬದ ನಮಾಜು ಅಂಗೈಯಲ್ಲಿ ಮುಗಿಯುವಂಥದ್ದಲ್ಲ. ಭುಜಕ್ಕೆ ಭುಜ ಹಚ್ಚಿ ಸಾಲಿನಲ್ಲಿ ನಿಲ್ಲಬೇಕು, ನಡುವೆ ಸಂದು ಬಿಡಬಾರದು. ನಮ್ಮ ಸಂಗತಿ ತಿಳಿದ ವರ್ಷ, ಬ್ಯಾಡಗಿಯ ಈದ್ಗಾದಲ್ಲಿ ಅವನ ಅಣ್ಣ ಇಮಾಮಸಾಬ ಪಕ್ಕದಿಂದ ಸರಿದು ಬೇರೆ ಸಾಲಿಗೆ ಹೋಗಿಬಿಟ್ಟ. ಅಂದಿನಿಂದ ದಸ್ತಗೀರ ರೋಜಾದ ಉಪವಾಸ ಬಿಡಲಿಲ್ಲ, ಮನೆಯಲ್ಲಿ ನಮಾಜು ಬಿಡಲಿಲ್ಲ; ಸಾಲಿಗೆ ಮಾತ್ರ ಹೋಗಲಿಲ್ಲ. ಮೊನ್ನೆ ಚಹಾ ಕುಡಿಯುತ್ತ, ಈ ಸಲ ಹೋಗತೇನಿ, ಅಣ್ಣ ಮತ್ತೆ ಸರಿದರೆ ಇನ್ನೆಂದೂ ಹೋಗುವುದಿಲ್ಲ ಅಂದ.

ಸ್ಕೂಟರಿನ ಮೇಲೆ ಇಬ್ಬರೂ ಮೋಟೆಬೆನ್ನೂರು ದಾಟಿ ಬ್ಯಾಡಗಿ ಸೇರಿದೆವು. ಈದ್ಗಾದ ಹೊರಗೆ ಬೇವಿನ ಗಿಡದ ಕೆಳಗೆ ಸ್ಕೂಟರು ನಿಲ್ಲಿಸಿ, ಗಿಡ್ಡ ಗೋಡೆಯ ಮೇಲಿಂದ ಇಣುಕಿದೆ. ಕಟ್ಟಕಡೆಯ ಸಾಲಿನ ತುದಿಯಲ್ಲಿ ನಿಂತಿದ್ದ ನಮ್ಮವ. ಹೆದರಿಕೆಗೆ ಪಕ್ಕದವನಿಂದ ಮೊಳದಷ್ಟು ದೂರ, ತಾನೇ ಸಂದು ಬಿಟ್ಟುಕೊಂಡು. ಮುಂದಿನ ಸಾಲಿನಿಂದ ಅಣ್ಣ ಇಮಾಮಸಾಬ ತಿರುಗಿ ನೋಡಿದ. ನಮಾಜು ಇನ್ನೇನು ಶುರುವಾಗಬೇಕು, ಆತ ಸಾಲು ಬಿಟ್ಟು ಹಿಂದಕ್ಕೆ ನಡೆದು ಬಂದ. ನಾನು ಗೋಡೆ ಹಿಡಿದುಕೊಂಡೆ.

ಅವರ ಮನೆಮಾತು ಉರ್ದು, ಬೈಗುಳ ಮಾತ್ರ ಕನ್ನಡದಲ್ಲಿ. ಹಾಗಾಗಿ ನನಗೂ ತಿಳಿಯಿತು.

"ಸಾಲಿನಾಗ ಸಂದು ಬಿಡತಾರೇನಲೇ ಹುಚ್ಚಪ್ಯಾಲಿ? ಅಷ್ಟೂ ಮರತೀ? ಸರಿ ಈ ಕಡೆ."

ತಮ್ಮನ ರಟ್ಟೆ ಹಿಡಿದು ಪಕ್ಕದವನಿಗೆ ಹಚ್ಚಿ ನಿಲ್ಲಿಸಿ, ಈಚೆ ಬದಿಗೆ ತಾನು ನಿಂತ. ಭುಜಕ್ಕೆ ಭುಜ ಹತ್ತಿತು. ಎಲ್ಲರೂ ಬಾಗಿದಾಗ ಇಲ್ಲಿ ಸ್ಕೂಟರುಗಳ ನಡುವೆ ನನಗೇ ಅರಿವಿಲ್ಲದೆ ನಾನೂ ತಲೆ ಬಾಗಿಸಿದ್ದೆ. ಬಲೂನು ಮಾರುವವ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ.

ನಮಾಜು ಮುಗಿದ ಮೇಲೆ ಅಣ್ಣತಮ್ಮ ಅಪ್ಪಿಕೊಂಡರು. ಇಮಾಮಸಾಬ ನನ್ನ ಹತ್ತಿರ ಬಂದು, ಮುಖ ನೋಡದೆ, ಸ್ಕೂಟರಿನ ಗಾಲಿ ನೋಡುತ್ತ, "ನೀವೂ ಬರ್ರಿ ಮನಿಗೆ" ಅಂದ.

ಅವರಲ್ಲಿ ಬಿರಿಯಾನಿಯ ಘಮ ಓಣಿಗೆಲ್ಲ ಹಬ್ಬಿತ್ತು. ಲಿಂಗ ಕಟ್ಟಿಕೊಂಡವ ನಾನು, ಮಾಂಸ ಮುಟ್ಟುವವನಲ್ಲ. ಅತ್ತಿಗೆ ಒಳಗಿನಿಂದ ರೊಟ್ಟಿ, ಬದನೆಕಾಯಿ ಎಣಗಾಯಿ ತಂದಿಟ್ಟರು. "ಹೊಸ ಬೋಗಾಣಿಯಾಗ, ಬ್ಯಾರೆ ಒಲೀ ಮ್ಯಾಲ ಮಾಡೇನ್ರಿ. ಪ್ರತಿ ಹಬ್ಬಕ್ಕೂ ಒಂದೀಟು ಮಾಡಿ ಇಡತಿದ್ದೆ, ನೀವಽ ಬರಲಿಲ್ಲ."

ಮೂರು ರೊಟ್ಟಿ ತಿಂದೆ, ಎರಡು ಬಟ್ಟಲು ಹಾಲು-ಶಾವಿಗೆಯ ಸುರಕುಂಬಾ ಕುಡಿದೆ. ಮನೆಗೆ ಬಂದಾಗ ಮಧ್ಯಾಹ್ನ. ನಾನು ಬಾಗಿಲು ಹಾಕಿ ತಿರುಗುವಷ್ಟರಲ್ಲಿ ದಸ್ತಗೀರ ಟೊಪ್ಪಿಗೆ ಸಹಿತ ಚಾಪೆಯ ಮೇಲೆ ನಿದ್ದೆ ಹೋಗಿದ್ದ.