ಸಾಹೇಬರ ಪೇಪರು, ನನ್ನ ಪ್ರೋಗ್ರಾಮು

ಅಂಕೋಲೆಯ ನಮ್ಮ ದಂಡೆಯಲ್ಲಿ, ಹತ್ತು ಜನರ ಎದುರಿಗೆ, ಆಫೀಸಿನ ಸಾಹೇಬರ ಮುಖಕ್ಕೆ ಬಂಗಡೆ ಮೀನಿನ ಬುಟ್ಟಿ ಬೀಸಿದ್ದು ನಾನೇ. ಸುಳ್ಳು ಎಂತಕ್ಕೆ ಹೇಳಲಿ? ಕನ್ನಡಕ ಒಡೆದು ಹುಬ್ಬು ಸೀಳಿತು, ರಕ್ತ ಬಿಳಿ ಅಂಗಿಗೆ ಇಳಿಯಿತು. ಆಗ ನನಗಾದ ಖುಷಿ ಹೇಳತೀರದು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮೀನುಗಾರರ ಕೇರಿಯಿಂದ ದಿನಾ ಬಸ್ಸು ಹತ್ತಿ ಕಾರವಾರದ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗುತ್ತಿದ್ದೆ. ಗುತ್ತಿಗೆ ಕೆಲಸ. ಹಡಗಿನವರು ಬರೆದಿಟ್ಟ ಗಾಳಿಯ ಲೆಕ್ಕಕ್ಕೂ ಉಪಗ್ರಹ ಕಳಿಸುವ ಲೆಕ್ಕಕ್ಕೂ ತಾಳೆಯಾಗುತ್ತಿರಲಿಲ್ಲ. ಎರಡನ್ನೂ ಕೂಡಿಸಿ, ನಡುವೆ ಬಿಟ್ಟುಹೋದ ದಿನಗಳನ್ನು ತುಂಬಿ, ಅರಬ್ಬಿ ಸಮುದ್ರದ ಹಳೆಯ ಗಾಳಿಯನ್ನೆಲ್ಲ ಒಂದೇ ನಕ್ಷೆಗೆ ತರುವ ಪ್ರೋಗ್ರಾಮನ್ನು ನಾನು ಬರೆದೆ. ಎರಡು ಮಳೆಗಾಲ ತಿಂದ ಕೆಲಸ ಅದು.

ಆ ನಕ್ಷೆಯ ಮೇಲೆ ಬರೆದ ಸಂಶೋಧನಾ ಪೇಪರು ಅಚ್ಚಾಗಿ ಬಂತು. ಲೇಖಕರ ಜಾಗದಲ್ಲಿ ಸಾಹೇಬರೊಬ್ಬರೇ. ನಾನು ಕೊನೆಯ ಪುಟದ ಕೃತಜ್ಞತೆಯಲ್ಲಿ, ಜನರೇಟರ್ ನೋಡಿಕೊಳ್ಳುವವನ ಪಕ್ಕದಲ್ಲಿ.

ಹೆಸರು ಹಾಕಿ ಅಂತ ಮೊದಲೇ ಕೇಳಬಾರದಿತ್ತಾ ಅಂತ ಎಲ್ಲರೂ ಅಂದರು. ನಮ್ಮ ಕೇರಿಯಲ್ಲಿ ಹುಟ್ಟಿದವಳಿಗೆ ಅದು ಹೊಳೆಯುವುದಾದರೂ ಹೇಗೆ? ರಂಪಣಿ ಬಲೆಯನ್ನು ದಂಡೆಗೆ ಎಳೆಯುವಾಗ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ನಮ್ಮಲ್ಲಿ ಮೀನಿನ ಪಾಲುಂಟು, ದಾರಿಹೋಕನಾದರೂ ಸರಿ. ಬಾಯಿ ಬಿಟ್ಟು ಪಾಲು ಕೇಳಿದರೆ ಬಲೆಯ ಯಜಮಾನನನ್ನು ಕಳ್ಳ ಅಂದ ಹಾಗೆ. ಒಬ್ಬ ಮುದುಕಿಯ ಪಾಲು ತಪ್ಪಿಸಿದವನ ಕೈಯನ್ನು ನನ್ನ ಅಪ್ಪ ದೋಣಿಯ ಹುಟ್ಟಿನಿಂದಲೇ ಹೊಡೆದು ಮುರಿದಿದ್ದ. ಅಂಥವನ ಮಗಳು ನಾನು. ಪ್ರೋಗ್ರಾಮು ಬರೆದಿದ್ದೇನೆ, ಹೆಸರು ತಾನಾಗಿ ಬರುತ್ತದೆ ಅಂತ ಬಾಯಿ ಮುಚ್ಚಿ ಕೂತಿದ್ದೆ.

ಆ ಪೇಪರೋ, ದೇಶ ದೇಶ ಸುತ್ತಿತು. ಮುಂಗಾರಿನ ಬಗ್ಗೆ ಬರೆಯುವವರು, ಚಂಡಮಾರುತದ ಬಗ್ಗೆ ಬರೆಯುವವರು, ಎಲ್ಲರೂ ಅದನ್ನೇ ಉಲ್ಲೇಖಿಸತೊಡಗಿದರು. ಯಾರೇ ಉಲ್ಲೇಖಿಸಲಿ, ಸಾಹೇಬರು ಆ ಪುಟವನ್ನು ನೋಟಿಸ್ ಬೋರ್ಡಿಗೆ ಹಾಕಿಸುತ್ತಿದ್ದರು. ನನ್ನ ಕೆನ್ನೆಗೆ ಬಾರಿಸಿದ ಹಾಗಾಗುತ್ತಿತ್ತು. ಗೆದ್ದಲು ಹುತ್ತ ಕಟ್ಟಿತಂತೆ, ಹಾವು ಬಂದು ಮಲಗಿತಂತೆ! ಒಂದು ದಿನ ಬೋರ್ಡಿನ ಗಾಜಿಗೆ ಮುಷ್ಟಿಯಿಂದ ಗುದ್ದಿ ಪುಟಗಳನ್ನೆಲ್ಲ ಹರಿದು ಎಸೆದೆ. ಬೆರಳಿಗೆ ಹೊಲಿಗೆ ಬಿತ್ತು. ಸಾಹೇಬರು ಬೈಯಲಿಲ್ಲ, ನಕ್ಕರು. "ಮುಂದಿನ ಪೇಪರಿಗೆ ನಿನ್ನ ಹೆಸರು ಹಾಕುವಾ ಮಾರಾಯ್ತಿ. ಅದರ ಮೇಲೆ ನಿಂಗೆ ಪಿಎಚ್‌ಡಿ ಸೀಟೂ ಸಿಗ್ತದೆ." ನನಗೆ ಬೇಕಿದ್ದದ್ದೂ ಅದೇ. ಆ ಸೀಟಿಗಾಗಿ ಹಲ್ಲು ಕಚ್ಚಿ ಮತ್ತೆ ದುಡಿದೆ.

ಹೊಸ ಪೇಪರು ತಯಾರಾದ ವಾರ ಹೊರದೇಶದ ವಿಜ್ಞಾನಿಗಳು ಕೆಲವರು ಬಂದರು. ರಂಪಣಿ ತೋರಿಸಲಿಕ್ಕೆ ಸಾಹೇಬರು ಅವರನ್ನು ನಮ್ಮ ದಂಡೆಗೇ ಕರೆತಂದರು. ಫೋಟೋ ತೆಗೆಸಿಕೊಳ್ಳಲು ಸಾಹೇಬರು ಹಗ್ಗಕ್ಕೆ ಕೈ ಹಚ್ಚಿದರು, ಅಷ್ಟೇ. ಬಲೆ ಅಪ್ಪನದು; ಮೀನು ಹಂಚುವಾಗ ಅವರಿಗೂ ಒಂದು ಬುಟ್ಟಿ ಬಂಗಡೆ ಕೊಟ್ಟು, "ತಕಣಿ ಸಾಹೇಬ್ರೇ, ನಿಮ್ದೂ ಕೈ ಬಿದ್ದದೆ" ಅಂದ. ಸಾಹೇಬರು ಬುಟ್ಟಿ ಹಿಡಿದುಕೊಂಡೇ ನನ್ನ ಕಡೆ ತಿರುಗಿ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಹೇಳಿದರು: ಈ ಹುಡುಗಿ ನಮ್ಮಲ್ಲಿ ಟೈಪಿಂಗ್ ಮಾಡುತ್ತಾಳೆ, ಹೊಸ ಪೇಪರು ನಿನ್ನೆಯೇ ಅಚ್ಚಿಗೆ ಕಳಿಸಿದೆ, ಅದೂ ನನ್ನೊಬ್ಬನ ಹೆಸರಿನಲ್ಲೇ.

ತಲೆಗೆ ರಕ್ತ ಏರಿತು. "ಥೂ ನಿನ್ನ ಜನ್ಮಕ್ಕೆ!" ಅಂತ ಬುಟ್ಟಿ ಕಸಿದು ಬೀಸಿದೆ. ಕೆಳಗೆ ಬಿದ್ದವರ ಎದೆಗೆ ಮೊಣಕಾಲೂರಿ ಬಾಯಿಗೆ ಮರಳು ತುರುಕಿದೆ.

ಅಪ್ಪ ಜಡೆ ಹಿಡಿದು ಎಳೆದ. ಕೆನ್ನೆಗೆ, ಬೆನ್ನಿಗೆ, ಸಿಕ್ಕಸಿಕ್ಕಲ್ಲಿ ಬಾರಿಸಿದ. "ಹಗ್ಗ ಮುಟ್ಟಿದವನ ಪಾಲು ಕಸಿತಿಯೇನೇ!"

"ಅವ ನನ್ನ ಪಾಲು ತಿಂದಾನೆ ಅಪ್ಪಾ!"

"ಅದು ಅವನ ಬಲೆ. ಇದು ನಂದು," ಅಂತ ಇನ್ನೊಂದು ಬಿಟ್ಟ. ಆಮೇಲೆ ಚೆಲ್ಲಿದ ಬಂಗಡೆಗಳನ್ನು ಹೆಕ್ಕಿ, ಸಮುದ್ರದ ನೀರಲ್ಲಿ ತೊಳೆದು, ಸಾಹೇಬರ ಜೀಪಿನಲ್ಲಿ ಇಟ್ಟು ಬಂದ. ಆ ಹೊತ್ತು ಅಪ್ಪನ ಮೇಲೆ ಬಂದಷ್ಟು ಸಿಟ್ಟು ನನಗೆ ಸಾಹೇಬರ ಮೇಲೂ ಬಂದಿರಲಿಲ್ಲ.

ಕೆಲಸ ಹೋಯಿತು. ಪೊಲೀಸರು ಕರೆಸಿ, ಬಾಯಿಗೆ ಬಂದಂತೆ ಬೈದು ಬಿಟ್ಟರು. ಹೊಸ ಪೇಪರಿನ ಕೃತಜ್ಞತೆಯಲ್ಲೂ ನನ್ನ ಹೆಸರಿರಲಿಲ್ಲ. ಪಿಎಚ್‌ಡಿ ಸೀಟು ಸಿಗುವಷ್ಟರಲ್ಲಿ ಆ ದಶಕವೇ ಮುಗಿಯುತ್ತ ಬಂದಿತ್ತು, ಅದೂ ದೂರದ ಊರಿನಲ್ಲಿ. ನನಗೆ ಗೊತ್ತಿದ್ದದ್ದು ಸಮುದ್ರದ ಗಾಳಿಯೊಂದೇ, ನನ್ನ ಥೀಸಿಸ್ಸೂ ಅದೇ ನಕ್ಷೆಯ ಮೇಲೆ ನಿಂತಿತ್ತು. ಕರಡು ಓದಿದ ಗೈಡ್ ಮೇಡಂ ಕೇಳಿದರು, "ಈ ನಕ್ಷೆಗೆ ಮೂಲ ಹಾಕಿಲ್ವಲ್ಲ? ಹೀಗೇ ಬಿಟ್ಟರೆ ನೀನು ಕದ್ದೆ ಅಂತಾರೆ."

ನನ್ನದೇ ಮೇಡಂ ಅನ್ನಲು ಬಾಯಿ ತೆರೆದೆ. ಪುರಾವೆ ಎಲ್ಲಿಂದ ತರಲಿ? ಕಂಪ್ಯೂಟರಿನ ಎದುರು ಕೂತು ಸಾಹೇಬರ ಹೆಸರನ್ನು ಒಂದೊಂದೇ ಅಕ್ಷರವಾಗಿ ಕುಟ್ಟಿದೆ. ಅವರ ಪೇಪರಿಗೆ ಇನ್ನೊಂದು ಉಲ್ಲೇಖ ಸಿಕ್ಕಿತು.